ಟೈರಿನ ಪಕ್ಕ ಯಾಕಿಷ್ಟು ಬೇಗ ಹರಿಯುತ್ತದೆ?

ಪ್ರಶ್ನೆ: ಒಂದೇ ವರ್ಷದಲ್ಲಿ ಕಾರಿನ ಎರಡು ಟೈರು ಎಸೆಯಬೇಕಾಯಿತು. ಎರಡರಲ್ಲೂ ಟ್ರೆಡ್, ಅಂದರೆ ನೆಲಕ್ಕೆ ತಾಗುವ ಭಾಗ, ಇನ್ನೂ ಚೆನ್ನಾಗಿತ್ತು. ಚೂಪು ಕಲ್ಲು ತಾಗಿ ಸೀಳಿದ್ದು ಪಕ್ಕದಲ್ಲಿ, ಅಂದರೆ ಸೈಡ್‌ವಾಲ್‌ನಲ್ಲಿ. ಟ್ರೆಡ್ ಅಡಿಯಲ್ಲಿ ಉಕ್ಕಿನ ಪಟ್ಟಿ ಇರುತ್ತದಂತೆ. ಅದನ್ನೇ ಪಕ್ಕಕ್ಕೂ ಹಾಕಿ, ರಬ್ಬರನ್ನು ಇನ್ನಷ್ಟು ದಪ್ಪ ಮಾಡಿದರೆ ಆಯಿತಲ್ವಾ? ಕಂಪನಿಗಳು ಯಾಕೆ ಮಾಡಲ್ಲ?

ಉತ್ತರ: ಗಟ್ಟಿಮುಟ್ಟಾಗಿರುವ ಟೈರನ್ನು ಎರಡು ಇಂಚಿನ ಸೀಳಿಗೋಸ್ಕರ ಎಸೆಯುವಾಗ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಇದು ಬರೀ ಕಂಪನಿಗಳ ಜಿಪುಣತನದ ಮಾತಲ್ಲ. ಸೈಡ್‌ವಾಲ್‌ನ ಕೆಲಸವೇ ಬಾಗುವುದು.

ಸಾಮಾನ್ಯ ಕಾರಿನ ಟೈರಿನ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಸೈಡ್‌ವಾಲ್ ನೆಲದ ಹತ್ತಿರ ಬಂದಾಗ ಬಾಗಿ, ಮೇಲೆ ಹೋದಾಗ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಬಿಸಿಯಾಗುತ್ತದಲ್ವಾ, ರಬ್ಬರೂ ಹಾಗೇ. ದಪ್ಪ ಜಾಸ್ತಿಯಾದರೆ ಬಿಸಿಯೂ ಜಾಸ್ತಿ ಹುಟ್ಟುತ್ತದೆ, ಹೊರಗೆ ಹೋಗುವುದು ಮಾತ್ರ ನಿಧಾನ. ಅದು ಮಿತಿ ಮೀರಿದರೆ ರಬ್ಬರು ಮತ್ತು ಒಳಗಿನ ದಾರದ ಪದರ ಒಂದನ್ನೊಂದು ಬಿಟ್ಟುಬಿಡುತ್ತವೆ, ಆಗ ಯಾವ ಕಲ್ಲೂ ತಾಗದೆಯೇ ಟೈರು ಸಿಡಿಯಬಹುದು.

ಈ ತೆಳು ಪಕ್ಕ ಬಂದದ್ದು ರೇಡಿಯಲ್ ಟೈರಿನ ಜೊತೆಗೆ. ಮಿಷೆಲಿನ್ ಕಂಪನಿ 1946ರಲ್ಲಿ ಇದರ ಪೇಟೆಂಟ್ ಪಡೆದು 1949ರಲ್ಲಿ ಮಾರಾಟಕ್ಕೆ ತಂದಿತು. ಅದಕ್ಕೂ ಮೊದಲಿನ ಕ್ರಾಸ್-ಪ್ಲೈ ಟೈರಿನಲ್ಲಿ ದಾರದ ಪದರಗಳು ಓರೆಯಾಗಿ, ಒಂದರ ಮೇಲೊಂದು ಅಡ್ಡಡ್ಡ ಹಾದು ಹೋಗುತ್ತಿದ್ದವು. ಟ್ರೆಡ್ ಅಡಿ ಇರುವ ಪದರಗಳೇ ಪಕ್ಕದಲ್ಲೂ ಇರುತ್ತಿದ್ದವು. ಪಕ್ಕ ಗಟ್ಟಿಯಾಗಿತ್ತು, ಆದರೆ ಟೈರು ಬೇಗ ಬಿಸಿಯಾಗುತ್ತಿತ್ತು, ಬೇಗ ಸವೆಯುತ್ತಿತ್ತು. ರೇಡಿಯಲ್‌ನಲ್ಲಿ ಉಕ್ಕಿನ ಪಟ್ಟಿ ಟ್ರೆಡ್ ಅಡಿಗೆ ಮಾತ್ರ. ಪಕ್ಕದಲ್ಲಿ ಪಾಲಿಯೆಸ್ಟರ್ ದಾರದ ಒಂದೋ ಎರಡೋ ಪದರ, ಅದೂ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಪಕ್ಕೆಲುಬಿನ ಹಾಗೆ ಸಾಲಾಗಿ. ಪಕ್ಕ ಸುಲಭವಾಗಿ ಬಾಗುವುದರಿಂದ ಟ್ರೆಡ್ ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಹಿಡಿತ, ಬಾಳಿಕೆ, ಇಂಧನ ಉಳಿತಾಯ ಎಲ್ಲ ಬಂದದ್ದು ಅದರಿಂದಲೇ. ನಿಮ್ಮ ಎರಡು ಟೈರು ಹೋದದ್ದೂ ಅದರಿಂದಲೇ.

ಇನ್ನು ಪಕ್ಕಕ್ಕೆ ಉಕ್ಕು ಹಾಕುವ ಮಾತು. ಲಾರಿಯ ರೇಡಿಯಲ್ ಟೈರುಗಳಲ್ಲಿ ಹಾಕುತ್ತಾರೆ. ಆ ಟೈರುಗಳಲ್ಲಿ ಗಾಳಿಯ ಒತ್ತಡವೂ ಹೊರುವ ಭಾರವೂ ಜಾಸ್ತಿ. ಕಾರಿಗೆ ಹಾಕಿದರೆ ಟೈರು ಪೆಡಸಾಗುತ್ತದೆ, ತೂಕ ಏರುತ್ತದೆ. ಸಾಲದ್ದಕ್ಕೆ, ರಬ್ಬರು ಸೀಳಿ ಒಳಗೆ ನೀರು ಹೋದರೆ ತಂತಿ ತುಕ್ಕು ಹಿಡಿಯುತ್ತದೆ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. ಒಂದು, ಮೂರನೆಯ ಪದರ. ದಾರಗಳು ಒಂದೇ ದಿಕ್ಕಿಗೆ ಇದ್ದರೆ ಸೀಳು ಅವುಗಳ ನಡುವೆ ಸಲೀಸಾಗಿ ಓಡುತ್ತದೆ, ಬಾಳೆ ಎಲೆಯನ್ನು ಗೆರೆಯ ಉದ್ದಕ್ಕೆ ಹರಿದ ಹಾಗೆ. ಒಂದು ಪದರವನ್ನು ಸ್ವಲ್ಪ ಓರೆಯಾಗಿ ಹಾಕಿದರೆ ಆ ಓಟಕ್ಕೆ ತಡೆ ಬೀಳುತ್ತದೆ. ಇನ್ನೊಂದು, ಅರಾಮಿಡ್ ಎಂಬ ತುಂಬಾ ಗಟ್ಟಿಯಾದ ಕೃತಕ ನಾರು. 1965ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞೆ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ಕೆವ್ಲಾರ್ ಇದೇ ಜಾತಿಯದು. ಗುಡ್‌ಇಯರ್ ತನ್ನ ರ‍್ಯಾಂಗ್ಲರ್ ಸಾಲಿನ ಒಂದು ಟೈರಿನ ಪಕ್ಕಕ್ಕೆ ಕೆವ್ಲಾರ್ ಹಾಕಿತು. ಫಿನ್‌ಲ್ಯಾಂಡಿನ ನೋಕಿಯನ್ ಟೈರ್ಸ್ ಅರಾಮಿಡ್ ನಾರನ್ನು ಸೈಡ್‌ವಾಲ್‌ನ ರಬ್ಬರಿನೊಳಗೇ ಸೇರಿಸುತ್ತದೆ.

ರಬ್ಬರಿನ ಹದವೂ ಮುಖ್ಯ, ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಭಾಗ ಅದೇ. ನೈಸರ್ಗಿಕ ರಬ್ಬರನ್ನು ಜೋರಾಗಿ ಎಳೆದಾಗ ಅದರ ಅಣುಗಳು ಸಾಲಾಗಿ ನಿಂತು ಹರಳಿನಂತೆ ಗಟ್ಟಿಯಾಗುತ್ತವೆ. ಹರಿಯುತ್ತಿರುವ ಸೀಳಿನ ತುದಿಯಲ್ಲೇ ಎಳೆತ ಅತಿ ಹೆಚ್ಚು, ಹಾಗಾಗಿ ಸರಿಯಾಗಿ ಅಲ್ಲೇ ಅದು ಗಟ್ಟಿಯಾಗಿ ಹರಿಯುವುದನ್ನು ತಡೆಯುತ್ತದೆ. ಆದರೆ ಲಕ್ಷಗಟ್ಟಲೆ ಸಲ ಬಾಗಿದರೂ ಬಿರುಕು ಬಿಡದಿರಲು ಪಾಲಿಬ್ಯುಟಾಡೈಯೀನ್ ಎಂಬ ಕೃತಕ ರಬ್ಬರು ಬೇಕು. ಎರಡನ್ನೂ ಬೆರೆಸಿ ಸೈಡ್‌ವಾಲ್ ಮಾಡುತ್ತಾರೆ. ಕಲ್ಲುಗಣಿಯ ಟೈರಿಗೆ ಒಂದು ಹದ, ಹೆದ್ದಾರಿಯ ಕಾರಿಗೆ ಇನ್ನೊಂದು.

ನೀವು ಓಡಾಡುವ ದಾರಿ ದಿನವೂ ಕಲ್ಲಿನದೇ ಆಗಿದ್ದರೆ ಮೂರು ಪದರದ ಆಲ್-ಟೆರೇನ್ ಟೈರು ನಿಮ್ಮ ರಿಮ್ಮಿನ ಅಳತೆಗೆ ಸಿಗುತ್ತದಾ ನೋಡಿ. ತೂಕ ಜಾಸ್ತಿ, ಇಂಧನ ಸ್ವಲ್ಪ ಹೆಚ್ಚು ಕುಡಿಯುತ್ತದೆ, ಸವಾರಿ ಪೆಡಸು. ವೇಗದ ಮಿತಿಯನ್ನೂ ನೋಡಬೇಕು. ಇಂಥ ಎಷ್ಟೋ ಟೈರುಗಳ ಮೇಲೆ ‘ಕ್ಯೂ’ ಅಕ್ಷರ ಇರುತ್ತದೆ, ಅಂದರೆ ಗಂಟೆಗೆ 160 ಕಿ.ಮೀ. ಕಾರಿನ ಟೈರುಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಎಚ್’ ಅಂದರೆ 210.

ಪ್ರಶ್ನೆ: ‘10 ಪ್ಲೈ’ ಟೈರು ಅಂದರೆ ಪಕ್ಕದಲ್ಲಿ ಹತ್ತು ಪದರ ಇರುತ್ತದೆ ಅಂತ ಮಾರುವವರು ಹೇಳಿದರು. ಹೌದಾ?

ಉತ್ತರ: ಅಲ್ಲ. ಅದು ಪ್ಲೈ ರೇಟಿಂಗ್, ಎಷ್ಟು ಭಾರ ತಡೆಯುತ್ತದೆ ಎನ್ನುವ ಅಳತೆ. ಹಿಂದೆ ಹತ್ತಿಯ ದಾರದ ಕಾಲದಲ್ಲಿ ಪದರ ಎಣಿಸುತ್ತಿದ್ದರು, ಆ ಲೆಕ್ಕ ಹೆಸರಿನಲ್ಲಿ ಮಾತ್ರ ಉಳಿದಿದೆ. ನಿಜವಾದ ಪದರ ತಿಳಿಯಲು ಟೈರಿನ ಪಕ್ಕದಲ್ಲೇ ಓದಿ. ಎಷ್ಟೋ ಟೈರುಗಳ ಮೇಲೆ ಸಣ್ಣ ಅಕ್ಷರದಲ್ಲಿ ಟ್ರೆಡ್ ಎಂದು ಬರೆದು ಅದರ ಪದರಗಳನ್ನೂ, ಸೈಡ್‌ವಾಲ್ ಎಂದು ಬರೆದು ಅದರ ಪದರಗಳನ್ನೂ ಬೇರೆ ಬೇರೆ ಕೊಟ್ಟಿರುತ್ತಾರೆ. ‘ಸೈಡ್‌ವಾಲ್ 2 ಪಾಲಿಯೆಸ್ಟರ್’ ಅಂತಿದ್ದರೆ ಅಲ್ಲಿರುವುದು ಎರಡೇ. ಕೊಳ್ಳುವ ಮೊದಲು ಬಗ್ಗಿ ಓದಿ.

ಪ್ರಶ್ನೆ: ಗುಂಡಿಗೆ ಬಿದ್ದ ಮೇಲೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿದೆ. ಹೊರಗೆ ಎಲ್ಲೂ ಸೀಳಿಲ್ಲ, ಗಾಳಿಯೂ ಇಳಿದಿಲ್ಲ. ಇನ್ನೊಂದು ಟೈರಿನಲ್ಲಿ ಒಳಕ್ಕೆ ತಗ್ಗಿದ ಗೆರೆ ಇದೆ. ಓಡಿಸಬಹುದಾ?

ಉತ್ತರ: ಉಬ್ಬಿರುವ ಟೈರನ್ನು ದಯವಿಟ್ಟು ಓಡಿಸಬೇಡಿ. ಇವತ್ತೇ ಸ್ಟೆಪ್ನಿ ಹಾಕಿ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸೈಡ್‌ವಾಲ್ ಜಜ್ಜಿ ಒಳಗಿನ ದಾರಗಳು ತುಂಡಾಗಿವೆ. ಈಗ ಅಷ್ಟು ಜಾಗದಲ್ಲಿ ಗಾಳಿಯನ್ನು ಹಿಡಿದಿರುವುದು ಬರೀ ರಬ್ಬರು. ಯಾವಾಗ ಸಿಡಿಯುತ್ತದೆ ಅಂತ ಹೇಳಲಾಗದು.

ಒಳಕ್ಕೆ ತಗ್ಗಿದ ಗೆರೆ ಬೇರೆ ಸಂಗತಿ. ಅಂಚಿನಿಂದ ಅಂಚಿಗೆ ನೇರವಾಗಿದ್ದರೆ ಅದು ಬಹುಮಟ್ಟಿಗೆ ದಾರದ ಪದರದ ಎರಡು ತುದಿ ಒಂದರ ಮೇಲೊಂದು ಕೂಡಿದ ಜಾಗ. ಅಲ್ಲಿ ದಾರ ಜಾಸ್ತಿ ಇರುವುದರಿಂದ ಕಡಿಮೆ ಹಿಗ್ಗುತ್ತದೆ. ಹೆದರಬೇಕಿಲ್ಲ.

ಒಂದು ಮಾತು ಗಮನಿಸಿ. ಮೊದಲ ಪ್ರಶ್ನೆಯವರದು ಸೀಳಿದ ಗಾಯ, ನಿಮ್ಮದು ಜಜ್ಜಿದ ಗಾಯ. ಎರಡಕ್ಕೂ ಒಂದೇ ಮದ್ದಲ್ಲ. ನೀವು ಮೂರು ಪದರದ ಟೈರು ಹುಡುಕುವ ಮೊದಲು ಸೈಡ್‌ವಾಲ್‌ನ ಎತ್ತರ ನೋಡಿ. ಟೈರಿನ ಮೇಲೆ ಬರೆದ ಅಳತೆಯಲ್ಲಿ ಮಧ್ಯದ ಅಂಕಿ 45 ಎಂದಿದ್ದರೆ ಪಕ್ಕದ ಎತ್ತರ ಟೈರಿನ ಅಗಲದ ಶೇ. 45 ಮಾತ್ರ. ರಿಮ್ಮು ನೆಲಕ್ಕೆ ಅಷ್ಟು ಹತ್ತಿರ. ಚಿಕ್ಕ ರಿಮ್ಮು, 60 ಅಥವಾ 65ರ ಟೈರು ಹಾಕಲು ನಿಮ್ಮ ಕಾರಿನ ತಯಾರಕರ ಒಪ್ಪಿಗೆ ಇದ್ದರೆ, ನಿಮಗೆ ನಾನು ಹೇಳುವುದು ಅದನ್ನೇ.

ಪ್ರಶ್ನೆ: ಟೈರಿನೊಳಗೆ ಸೀಲೆಂಟ್ ದ್ರವ ಹಾಕಿಸಿದರೆ ಸೈಡ್‌ವಾಲ್ ಪಂಕ್ಚರ್ ಕೂಡ ತಾನೇ ಮುಚ್ಚಿಕೊಳ್ಳುತ್ತದಾ? ರನ್-ಫ್ಲಾಟ್ ಟೈರು ಸೀಳುವುದೇ ಇಲ್ಲವಾ?

ಉತ್ತರ: ದ್ರವ ಚಕ್ರ ತಿರುಗುವಾಗ ಟ್ರೆಡ್ ಅಡಿಗೆ ಹೋಗಿ ಹರಡುತ್ತದೆ, ಪಕ್ಕಕ್ಕೆ ಅದರ ಕಾವಲಿಲ್ಲ. ಮೊಳೆ ಚುಚ್ಚಿದ ಸಣ್ಣ ತೂತಿಗೆ ಸರಿ, ಸೀಳಿಗೆ ಅಲ್ಲ. ಕಾರಿನ ಸೈಡ್‌ವಾಲ್‌ಗೆ ಹೊರಗಿನಿಂದ ಪ್ಯಾಚು, ದಾರದ ಪ್ಲಗ್ಗು ಯಾವುದನ್ನೂ ನಂಬಬೇಡಿ. ಅದು ಬಾಗುವ ಜಾಗ, ಅಂಟಿಸಿದ್ದು ಕಿತ್ತುಬರುತ್ತದೆ.

ರನ್-ಫ್ಲಾಟ್ ಟೈರೂ ಸೀಳುತ್ತದೆ. ಅದರ ಪಕ್ಕದ ಒಳಗಡೆ ದಪ್ಪ ರಬ್ಬರಿನ ಆಸರೆ ಇರುವುದು ಗಾಳಿ ಹೋದ ಮೇಲೂ ಭಾರ ಹೊರಲು. ಸಾಮಾನ್ಯವಾಗಿ 80 ಕಿ.ಮೀ. ದೂರ, ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ. ಮನೆ ತಲುಪಿಸುತ್ತದೆ, ಅಷ್ಟೇ.

ಪ್ರಶ್ನೆ: ಕಲ್ಲಿನ ದಾರಿಯಲ್ಲಿ ಗಾಳಿ ಇಳಿಸಬೇಕು ಅಂತ ಕೆಲವರು, ಇಳಿಸಿದರೆ ಪಕ್ಕ ಸೀಳುತ್ತದೆ ಅಂತ ಕೆಲವರು. ಯಾರ ಮಾತು ಸರಿ?

ಉತ್ತರ: ಇಬ್ಬರದೂ. ಒಂದು ರಬ್ಬರ್ ಬ್ಯಾಂಡನ್ನು ಚೆನ್ನಾಗಿ ಎಳೆದು ಹಿಡಿದು ಬ್ಲೇಡ್ ತಾಗಿಸಿ, ತಟ್ಟನೆ ತುಂಡಾಗುತ್ತದೆ. ಸಡಿಲವಾಗಿದ್ದರೆ ಅಷ್ಟು ಸುಲಭವಲ್ಲ. ಗಾಳಿ ತುಂಬಿ ಬಿಗಿದಿರುವ ಟೈರೂ ಎಳೆದ ಬ್ಯಾಂಡೇ. ಸ್ವಲ್ಪ ಇಳಿಸಿದರೆ ಟ್ರೆಡ್ ಕಲ್ಲನ್ನು ಅಪ್ಪಿಕೊಂಡು ಹತ್ತುತ್ತದೆ. ಆದರೆ ಅದೇ ಹೊತ್ತಿಗೆ ಸೈಡ್‌ವಾಲ್ ಹೊರಕ್ಕೆ ಉಬ್ಬಿ ಕಲ್ಲಿಗೆ ಮೈಯೊಡ್ಡುತ್ತದೆ. ಹಾಗಾಗಿ ಗಾಳಿ ಇಳಿಸಿದಾಗ ನಡಿಗೆಯ ವೇಗದಲ್ಲಿ ಹೋಗಿ. ಚೂಪು ಕಲ್ಲನ್ನು ಪಕ್ಕಕ್ಕೆ ಉಜ್ಜಿಕೊಂಡು ಹೋಗುವ ಬದಲು ಟ್ರೆಡ್ಡನ್ನೇ ಅದರ ಮೇಲೆ ಹತ್ತಿಸಿ. ನುಣುಪು ರಸ್ತೆ ಸಿಕ್ಕ ಕೂಡಲೇ ಮತ್ತೆ ಗಾಳಿ ತುಂಬಿಸಿ, ಯಾಕೆಂದರೆ ಕಡಿಮೆ ಗಾಳಿಯಲ್ಲಿ ವೇಗವಾಗಿ ಹೋದರೆ ಮೊದಲೇ ಹೇಳಿದ ಬಿಸಿ ಶುರುವಾಗುತ್ತದೆ. ಪಂಪು ಜೊತೆಯಲ್ಲಿಲ್ಲದಿದ್ದರೆ ಇಳಿಸಲೇಬೇಡಿ.

ಪ್ರಶ್ನೆ: ಸೈಕಲ್ಲಿನ ಟೈರಿನ ಪಕ್ಕ ಹರಿದು ಟ್ಯೂಬು ಹೊರಗೆ ಇಣುಕುತ್ತಿದೆ. ಇನ್ನೂ 20 ಕಿ.ಮೀ. ಹೋಗಬೇಕಿದ್ದರೆ ಏನು ಮಾಡಲಿ?

ಉತ್ತರ: ಗಾಳಿ ಪೂರ್ತಿ ಬಿಟ್ಟು, ಹರಿದ ಜಾಗದ ಒಳಗಡೆ, ಟ್ಯೂಬಿಗೂ ಟೈರಿಗೂ ನಡುವೆ ಹಳೆ ಟೈರಿನ ತುಂಡನ್ನೋ ದಪ್ಪ ಪ್ಲಾಸ್ಟಿಕ್ ಹಾಳೆಯನ್ನೋ ಇಡಿ. ತುಂಡು ಸೀಳಿಗಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಿರಲಿ, ಅಂಚು ಚೂಪಾಗಿರಬಾರದು. ಗಾಳಿ ಮಾಮೂಲಿಗಿಂತ ಸ್ವಲ್ಪ ಕಡಿಮೆ ಹಾಕಿ ನಿಧಾನವಾಗಿ ಹೋಗಿ. ಮನೆಗೆ ಬಂದ ಮೇಲೆ ಟೈರು ಬದಲಿಸಿ. ಟ್ಯೂಬನ್ನೂ ಒಮ್ಮೆ ನೋಡಿ, ಅಕ್ಕಪಕ್ಕ ಎರಡು ತೂತು ಇದ್ದರೆ ಅದು ಗಾಳಿ ಕಡಿಮೆ ಇದ್ದು ರಿಮ್ಮಿಗೆ ಸಿಕ್ಕಿ ಜಜ್ಜಿದ್ದು.