ಅಂಗಳದ ಮಾತು: ಕಾರವಾರದ ಹುಲ್ಲು, ನಮ್ಮ ಎರೆ ಮಣ್ಣು

ಪ್ರಶ್ನೆ: ನಮಸ್ಕಾರ ರೀ ಸರ್. ಮಗ ಕಾರವಾರದಲ್ಲಿ ಮನೆ ಕಟ್ಟಿಸಿದ್ದಾನೆ, ಸಮುದ್ರ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಹೋದ ಮಳೆಗಾಲದಲ್ಲಿ ಅಂಗಳಕ್ಕೆ ಹುಲ್ಲು ಹಾಸಿಸಿದ. ದೀಪಾವಳಿ ತನಕ ಚಂದ ಇತ್ತು. ಸಂಕ್ರಾಂತಿಗೆ ಹೋಗಿ ನೋಡಿದರೆ ತುದಿಯೆಲ್ಲ ಸುಟ್ಟ ಹಾಗೆ ಕಂದಾಗಿದೆ. ನರ್ಸರಿಯವರು ಯೂರಿಯಾ ಹಾಕಿ ಅಂದರು, ಹಾಕಿದ ಮೇಲೆ ಇನ್ನೂ ಕೆಟ್ಟಿತು. ಏನು ಮಾಡೋದು?
(ಓದುಗರು, ಜೇವರ್ಗಿ ರಸ್ತೆ, ಕಲಬುರಗಿ)

ಉತ್ತರ: ಮೊದಲು ಯೂರಿಯಾ ನಿಲ್ಲಿಸೋಕೆ ಹೇಳಿ ಸರ್, ಇವತ್ತೇ ಫೋನ್ ಮಾಡಿ. ಬಾಯಾರಿದ ಹುಲ್ಲಿಗೆ ಯೂರಿಯಾ ಬಿದ್ದರೆ ಅದೇ ಸುಡುತ್ತದೆ.

ನೀವೇ ಬರೆದಿದ್ದೀರಿ, ದೀಪಾವಳಿ ತನಕ ಚೆನ್ನಾಗಿತ್ತು ಅಂತ. ರೋಗದ ಗುರುತು ಅಲ್ಲೇ ಇದೆ. ಸಮುದ್ರದ ಗಾಳಿ ಉಪ್ಪು ಹೊತ್ತು ತರುತ್ತದೆ, ಎಲೆಯ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಕೂತಿದ್ದನ್ನೆಲ್ಲ ಮಳೆಯೇ ತೊಳೆದುಬಿಡುತ್ತದೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್ ನಂತರ ಮೇ ತನಕ ಹೆಚ್ಚುಕಡಿಮೆ ಒಣ ಹವೆ, ಆದರೆ ಮಧ್ಯಾಹ್ನದ ಸಮುದ್ರದ ಗಾಳಿ ಮಾತ್ರ ದಿನಾ ಬೀಸುತ್ತಲೇ ಇರುತ್ತದೆ. ತೊಳೆಯೋಕೆ ಯಾರೂ ಇಲ್ಲ, ಉಪ್ಪು ಕೂರುತ್ತಾ ಹೋಗುತ್ತದೆ.

ಮಗನಿಗೆ ಒಂದು ಪರೀಕ್ಷೆ ಮಾಡೋಕೆ ಹೇಳಿ. ಪಡುವಣ ದಿಕ್ಕಿನ ಹುಲ್ಲು ಜಾಸ್ತಿ ಸುಟ್ಟು, ಮನೆಯ ಮರೆಯಲ್ಲಿರೋದು ಹಸಿರಾಗಿದ್ದರೆ ತಪ್ಪು ಗಾಳಿಯದ್ದು. ಎಲ್ಲ ಕಡೆ ಒಂದೇ ಸಮ ಸುಟ್ಟಿದ್ದರೆ ಬಾವಿ ನೀರು ನೋಡಬೇಕು. ಸಮುದ್ರದ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ನೀರಿನ ಮಟ್ಟ ಇಳಿದಾಗ, ಮೋಟಾರು ಹಾಕಿ ಎಳೆದಷ್ಟೂ ಕಡಲ ನೀರು ಒಳಗೆ ನುಗ್ಗುತ್ತದೆ. ನಮ್ಮ ಕಡೆ ಸವಳು ನೀರು ಅಂತೀವಲ್ಲ, ಹಾಗೇ. ಅದನ್ನೇ ಹುಲ್ಲಿಗೆ ಬಿಟ್ಟರೆ ಮುಗಿಯಿತು.

ಗಾಳಿಯದ್ದೇ ಆದರೆ ವಾರಕ್ಕೆರಡು ಸಲ ಬೆಳಗಿನ ಜಾವ ಸಿಹಿ ನೀರಲ್ಲಿ ಎಲೆ ತೊಳೆಯಲಿ, ನೀರು ಬೇರಿನ ಆಳಕ್ಕೂ ಇಳಿಯಲಿ. ಪಡುವಣ ಬೇಲಿಗೆ ಗಾಳಿ ತಡೆಯುವ ಸಾಲು ಬೇಕು. ಜಾಗ ಇದ್ದರೆ ಸುರಹೊನ್ನೆ, ಇಲ್ಲದಿದ್ದರೆ ಕಾಗದದ ಹೂವಿನ ಬೇಲಿ ಸಾಕು. ಕಣಗಿಲೆಯೂ ಉಪ್ಪು ತಡೆಯುತ್ತದೆ, ಆದರೆ ಅದು ವಿಷ, ಮೊಮ್ಮಕ್ಕಳಿದ್ದರೆ ಬೇಡ. ಗೋಡೆಯನ್ನೇ ಎತ್ತರ ಕಟ್ಟಿಸುತ್ತೇನೆ ಅಂತಾನೇನೋ, ಬೇಡ ಅನ್ನಿ. ಗಟ್ಟಿ ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಕಡೆ ಸುಳಿಸುಳಿಯಾಗಿ ಬೀಳುತ್ತದೆ. ಗಿಡದ ಸಾಲು ಗಾಳಿಯನ್ನು ಸೋಸಿ ಬಿಡುತ್ತದೆ.

ಇನ್ನು ಹುಲ್ಲು ಯಾವುದು ಹಾಕಿಸಿದ್ದು? ಅಗಲ ಎಲೆಯ ಕಾರ್ಪೆಟ್ ಹುಲ್ಲಾದರೆ ಅದಕ್ಕೆ ನೆರಳು ಇಷ್ಟ, ಉಪ್ಪು ಕಂಡರೆ ಆಗದು. ಬರ್ಮುಡಾ ಹುಲ್ಲು ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಬರ್ಮುಡಾ ಅಂದರೆ ವಿದೇಶದ್ದು ಅಂದುಕೊಳ್ಳಬೇಡಿ. ಗಣೇಶನಿಗೆ ಏರಿಸುವ ಗರಿಕೆಯ ಜಾತಿಯೇ ಅದು, ನಮ್ಮ ರೈತರು ಕರಿಕಿ ಕರಿಕಿ ಅಂತ ಬೈದು ಹೊಲದಿಂದ ಕಿತ್ತು ಬಿಸಾಕೋದನ್ನೇ ಜನ ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ! ಕತ್ತರಿಸುವಾಗ ಒಮ್ಮೆಗೆ ಎತ್ತರದ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬಾರದು.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮ ತಂಗಿ ಮನೆಯ ಮುಂದಿನ ಲಾನ್ ನೋಡಿ ಆಸೆಯಾಗಿದೆ. ನಮ್ಮದು ಕಲಬುರಗಿಯಲ್ಲೇ ಮನೆ, ಮುಂದೆ 500 ಚದರಡಿ ಜಾಗ ಇದೆ, ಎರೆ ಮಣ್ಣು, ಬೋರ್‌ವೆಲ್ ಇದೆ. ಹಾಕಬಹುದಾ?
(ಗೃಹಿಣಿ, ಕಲಬುರಗಿ)

ಉತ್ತರ: ಅಕ್ಕಾ, ಮೊದಲು ಒಂದು ಲೆಕ್ಕ. ಹುಲ್ಲಿಗೆ ವಾರಕ್ಕೆ ಒಂದಿಂಚು ನೀರು ಅಂತ ಹಿಡಿದರೂ 500 ಚದರಡಿಗೆ ಸುಮಾರು 1200 ಲೀಟರ್ ಬೇಕು. ಬಿಸಿಲು 42 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ಅದೂ ಸಾಲದು. ಬೋರ್ ಬತ್ತಿ ಟ್ಯಾಂಕರ್ ತರಿಸುವಾಗ ಹುಲ್ಲಿಗೆ ನೀರು ಬಿಡೋಕೆ ನಿಮಗೇ ಮನಸ್ಸು ಬರಲ್ಲ.

ಅದಕ್ಕಿಂತ ದೊಡ್ಡ ಮಾತು ಎರೆ ಮಣ್ಣಿನದ್ದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಗೋಡೆಗೆ ಅಂಟಿಕೊಂಡೇ ಲಾನ್ ಹಾಕಿ ದಿನಾ ನೀರು ಬಿಟ್ಟು, ಆಮೇಲೆ ಬೇಸಿಗೆಯಲ್ಲಿ ನಿಲ್ಲಿಸಿದರೆ ಪಾಯದ ಕೆಳಗಿನ ಮಣ್ಣು ಏರಿ ಇಳಿಯುತ್ತದೆ, ಗೋಡೆ ಸೀಳು ಬಿಡುತ್ತದೆ. ನನ್ನ ಮನೆಯಲ್ಲೇ ಈ ತಪ್ಪು ಮಾಡಿದ್ದೇನೆ, ವರಾಂಡದ ಮೂಲೆಯ ಸೀಳಿಗೆ ಇವತ್ತಿಗೂ ಸಿಮೆಂಟು ತುಂಬಿಸುತ್ತಾ ಇದ್ದೇನೆ.

ಆದರೂ ಆಸೆ ಬಿಡಬೇಡಿ. ಗೋಡೆಯಿಂದ 5 ಅಡಿ ಬಿಟ್ಟು, 10 ಅಡಿಗೆ 10 ಅಡಿ ಮಾತ್ರ ಹುಲ್ಲು ಹಾಕಿ. ವಾರಕ್ಕೆ 230 ಲೀಟರ್ ಚಿಲ್ಲರೆಯಲ್ಲಿ ಮುಗಿಯುತ್ತದೆ. ಮೇಲೆ ಅರ್ಧ ಅಡಿ ಕೆಂಪು ಮಣ್ಣು, ಕೊಳೆತ ಗೊಬ್ಬರ ಕಲಸಿ ಹಾಕಿಸಿ, ನೀರು ನಿಲ್ಲದ ಹಾಗೆ ಸ್ವಲ್ಪ ಇಳಿಜಾರು ಕೊಡಿ, ಒಂದೆರಡು ಒಳ್ಳೆ ಮಳೆ ಬಿದ್ದ ಮೇಲೆ ಗರಿಕೆ ನೆಡಿಸಿ. ಉಳಿದ ಜಾಗಕ್ಕೆ ಶಹಾಬಾದ್ ಕಲ್ಲಿದೆ, ಸಂದು ಬಿಟ್ಟು ಹಾಸಿಸಿ, ಮೂಲೆಗೊಂದು ಬೇವು ಇರಲಿ. ತಂಗಿಯವರು ಮಣ್ಣಿಗೆ ಸುಣ್ಣ ಹಾಕುತ್ತೇವೆ ಅಂದರೆ ಕೇಳಿಸಿಕೊಂಡು ಸುಮ್ನಿರಿ. ಅಲ್ಲಿ ಮಳೆಗೆ ಸುಣ್ಣ ತೊಳೆದು ಹೋಗಿ ಮಣ್ಣು ಹುಳಿಯಾಗಿರುತ್ತದೆ, ನಮ್ಮ ಮಣ್ಣಲ್ಲಿ ಸುಣ್ಣ ಮೊದಲೇ ಜಾಸ್ತಿ.

ಪ್ರಶ್ನೆ: ಬೀದರ್‌ನಲ್ಲೂ ಕೆಂಪು ಕಲ್ಲು, ಕರಾವಳಿಯಲ್ಲೂ ಕೆಂಪು ಕಲ್ಲು. ಹಾಗಾದರೆ ಅಲ್ಲಿಯ ಗಿಡ ಇಲ್ಲೂ ಬರಬೇಕಲ್ವಾ?
(ವಿದ್ಯಾರ್ಥಿ, ಬೀದರ್)

ಉತ್ತರ: ಒಳ್ಳೆ ಪ್ರಶ್ನೆ ತಮ್ಮಾ. ಕಲ್ಲು ಒಂದೇ ಜಾತಿ ನಿಜ, ಎರಡೂ ಜಂಬಿಟ್ಟಿಗೆಯೇ. ಆದರೆ ಅಲ್ಲಿಯಷ್ಟು ಮಳೆ ಇಲ್ಲಿಲ್ಲ, ಗಾಳಿಯಲ್ಲಿ ಆ ತೇವವೂ ಇಲ್ಲ. ಜಂಬಿಟ್ಟಿಗೆ ನೀರು ಹಿಡಿದಿಡಲ್ಲ, ಕೆಳಗೆ ಸೋಸಿ ಬಿಡುತ್ತದೆ. ಅದನ್ನು ನೋಡಿಯೇ, ಹಾಗೆ ಕೆಳಗಿಳಿದ ನೀರು ಹಿಡಿಯೋಕೆ ಬಹಮನಿ ಕಾಲದವರು ಬೀದರ್‌ನಲ್ಲಿ ಸುರಂಗ ಬಾವಿ ಕೊರೆದಿದ್ದು. ದಾಸವಾಳ, ಕಾಗದದ ಹೂ ಹಾಕು, ಧಾರಾಳ ಬರುತ್ತವೆ. ಅಡಿಕೆ, ಕಾರ್ಪೆಟ್ ಹುಲ್ಲು ಬೇಡ.

ಪ್ರಶ್ನೆ: ಲಾನ್‌ನಲ್ಲಿ ಕಳೆ ಜಾಸ್ತಿ. ಉಪ್ಪು ಎರಚಿದರೆ ಸಾಯುತ್ತದೆ ಅಂತಾರೆ, ಹೌದಾ?
(ಓದುಗರು, ಶಹಾಪುರ)

ಉತ್ತರ: ಸಾಯುತ್ತದೆ, ಹುಲ್ಲಿನ ಜೊತೆಗೇ. ಕಾಲುವೆ ನೀರು ಜಾಸ್ತಿಯಾಗಿ ಸವಳು ಎದ್ದ ಹೊಲ ನಿಮ್ಮ ಯಾದಗಿರಿ ಜಿಲ್ಲೆಯಲ್ಲಿ ಕಂಡಿರಬೇಕಲ್ಲ ಸರ್, ಆ ಬಿಳಿ ಪೊರೆ ತೆಗೆಸೋಕೆ ರೈತರು ಎಷ್ಟು ಒದ್ದಾಡುತ್ತಾರೆ! ನೀವು ಅದನ್ನು ಪ್ಯಾಕೆಟ್ ಒಡೆದು ಮನೆ ಮುಂದೆ ಹಾಕ್ತೀರಾ? ಮಳೆ ಬಿದ್ದ ಮರುದಿನ ಮಣ್ಣು ಮೆತ್ತಗಿರುವಾಗ ಕಳೆ ಕೀಳುವ ಕುರ್ಚಿಗಿ ಹಿಡಿಕೊಂಡು ಕೂತು, ಬೇರು ಸಮೇತ ಕಿತ್ತುಹಾಕಿ.