ಎರಡು ಕೈಯಲ್ಲಿ ಹಿಡಿದ ಲೋಟ

ಹ್ಯಾಂಗೋವರ್‌ಗೆ ಮದ್ದು ಕೇಳಿಕೊಂಡು ಆಪ್ತಸಲಹೆಗೆ ಬರುವವರು ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಇರುತ್ತಾರೆ. ಅವರಲ್ಲೊಬ್ಬರ ವಿಷಯವನ್ನು ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಈ ಪ್ರಕರಣದ ಮೊದಲ ಭೇಟಿಯಲ್ಲಿ ಎಡವಿದ್ದು ನಾನು.

ಅವರು ನಲವತ್ತು ದಾಟಿದ ಗೃಹಸ್ಥರು, ಲೆಕ್ಕಪತ್ರದ ಕೆಲಸದವರು. ಬೆಳಗಿನ ತಲೆನೋವು, ವಾಕರಿಕೆಯಿಂದಾಗಿ ರಜೆ ಹೆಚ್ಚುತ್ತಿದೆ, ಅದಕ್ಕೊಂದು ಉಪಾಯ ಹೇಳಿ ಎಂದಷ್ಟೇ ಕೇಳಿದರು. ನಾನು ಹೇಳಿದೆ: ಖಾಲಿ ಹೊಟ್ಟೆಯಲ್ಲಿ ಕುಡಿಯಬಾರದು, ಪ್ರಮಾಣ ತಗ್ಗಬೇಕು, ನಡುನಡುವೆ ನೀರು ಕುಡಿಯಬೇಕು, ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನಷ್ಟೇ ಅರಗಿಸಬಲ್ಲುದರಿಂದ ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಆ ವೇಗವನ್ನು ಹೆಚ್ಚಿಸಲಾರವು, ಕಂಡ ಕಂಡ ಮಾತ್ರೆ ನುಂಗಿದರೆ ಪ್ಯಾರಾಸಿಟಮಾಲ್ ಯಕೃತ್ತನ್ನೂ ಆಸ್ಪಿರಿನ್ ಜಠರವನ್ನೂ ಕೆಡಿಸೀತು. ಕುಡಿಯುವವರಿಗೆ ಇದನ್ನೆಲ್ಲ ಹೇಳಿಕೊಡುವುದು ಕುಡಿತಕ್ಕೆ ಕುಮ್ಮಕ್ಕು ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕೇಳಿದ್ದಕ್ಕೆ ಉತ್ತರ ಕೊಡದೆ ಉಪದೇಶಕ್ಕೆ ಇಳಿದರೆ ಬಂದವರು ಮತ್ತೆ ಬಾರರು ಎಂಬುದು ನನ್ನ ಅನುಭವ. ಇವರು ಮತ್ತೆ ಬಂದರು.

ಅಂದು ಬೆಳಿಗ್ಗೆ ಹತ್ತು ಗಂಟೆ. ಮುಂದಿಟ್ಟ ನೀರಿನ ಲೋಟವನ್ನು ಅವರು ಎರಡೂ ಕೈಗಳಲ್ಲಿ ಹಿಡಿದರು. ಎತ್ತಲಾಗದೆ ತುಟಿಯನ್ನೇ ಲೋಟದ ಬಳಿಗೆ ಬಗ್ಗಿಸಿದರು. ಆದರೂ ಅಂಗಿಯ ಮೇಲೆ ನೀರು ಚೆಲ್ಲಿತು. ನಾನು ನೋಡುತ್ತಿರುವುದನ್ನು ಕಂಡು, "ನೀವು ಹೇಳಿದ್ದೆಲ್ಲ ಮಾಡಿದೆ ಸರ್. ಆದರೆ ಎದ್ದ ಕೂಡಲೇ ಅರ್ಧ ಪೆಗ್ ಹಾಕಿಕೊಂಡರೇನೇ ಕೈ ಸುಮ್ಮನಾಗೋದು. ಇವತ್ತು ನಿಮ್ಮ ಹತ್ತಿರ ಬರಬೇಕಲ್ಲ ಅಂತ ಹಾಕಿಕೊಳ್ಳಲಿಲ್ಲ" ಎಂದರು.

ನನ್ನ ಮೇಲಿನ ಮರ್ಯಾದೆಗಾಗಿ ಅವರು ಮಾಡಿದ್ದು ಎಂಥ ಅಪಾಯದ ಕೆಲಸವೆಂದು ಅವರಿಗೆ ಗೊತ್ತಿರಲಿಲ್ಲ. ಹ್ಯಾಂಗೋವರ್ ಸಾಮಾನ್ಯವಾಗಿ ಒಂದು ದಿನದೊಳಗೆ ತಾನಾಗಿ ಇಳಿಯುತ್ತದೆ. ಕೈನಡುಕ, ಬೆವರು, ಎದೆಬಡಿತ ಶುರುವಾಗಿ ಒಂದು ಗುಟುಕಿಗೆ ಶಮನವಾಗುತ್ತಿದ್ದರೆ ಅದು ವೈದ್ಯರು ವಿತ್‌ಡ್ರಾಯಲ್ ಎನ್ನುವ ಸ್ಥಿತಿ: ದೇಹ ಮದ್ಯಕ್ಕೆ ಒಗ್ಗಿಹೋಗಿದೆ, ಅದು ಸಿಗದಾಗ ಹೀಗೆ ತಳಮಳಿಸುತ್ತದೆ. ಅಂಥವರು ಥಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಗಳಲ್ಲಿ ಬುದ್ಧಿಭ್ರಮಣೆಯಾಗಿ ಪ್ರಾಣಕ್ಕೇ ಕುತ್ತಾಗಬಹುದು. ಬೆಳಿಗ್ಗೆ ಎದ್ದೊಡನೆ ಕುಡಿಯಬೇಕೆನಿಸಿದೆಯೇ ಎಂಬುದು 1984ರಲ್ಲಿ ಪ್ರಕಟವಾದ, ಕುಡಿತದ ಚಟವನ್ನು ಗುರುತಿಸಲು ಬಳಸುವ ನಾಲ್ಕೇ ಪ್ರಶ್ನೆಗಳ 'ಕೇಜ್' ಪಟ್ಟಿಯ ಕೊನೆಯ ಪ್ರಶ್ನೆ. ನಾನು ಮೊದಲ ದಿನ ಅದನ್ನು ಕೇಳಿರಲಿಲ್ಲ. ತಲೆನೋವಿನ ಮಾತು ಬಂದಾಗ ತಲೆನೋವಿಗಷ್ಟೇ ಉತ್ತರ ಹುಡುಕಿದ್ದೆ.

"ಇನ್ನು ಮುಟ್ಟೋದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟು ಕೂತುಬಿಡಬೇಡಿ. ಈಗಲೇ ಆಸ್ಪತ್ರೆಗೆ ಹೋಗೋಣ" ಎಂದೆ. ಆಣೆ ಹಾಕಿಸಬೇಕೆಂದು ಎರಡು ವರ್ಷಗಳಿಂದ ಹೆಣಗುತ್ತಿದ್ದ ಅವರ ಪತ್ನಿ, "ಕುಡಿಯೋದು ಬಿಡಬೇಡಿ ಅನ್ನೋ ಸಲಹೆಗಾರರನ್ನ ಇವತ್ತೇ ನೋಡಿದ್ದು" ಎಂದು ಸಿಡುಕಿದರು. ಅವರ ಸಿಟ್ಟು ನ್ಯಾಯವಾದದ್ದೇ. ಬಿಡಲೇಬೇಕು, ಆದರೆ ನಡುಕ ಕಾಣಿಸಿಕೊಂಡವರು ವೈದ್ಯರ ಕಣ್ಣಳತೆಯಲ್ಲಿ ಬಿಡಬೇಕು. ಮನೆಯ ಕೋಣೆಯೊಳಗೆ ಛಲದಿಂದ ಬಿಡಹೊರಟವರಿಗೆ ಫಿಟ್ಸ್ ಬಂದುದನ್ನು ಕಂಡಿದ್ದೇನಾದ್ದರಿಂದ ಈ ಮಾತಿಗೆ ಯಾರು ಮುನಿದರೂ ನಾನು ಬದಲಿಸುವುದಿಲ್ಲ.

ದಾಖಲಾದ ಆರು ದಿನ ಅವರಿಗೆ ನಡುಕ ತಗ್ಗಿಸುವ ಔಷಧವನ್ನು ಕ್ರಮೇಣ ಇಳಿಸುತ್ತ ಕೊಟ್ಟರು, ಜೊತೆಗೆ ಥಯಾಮಿನ್ ಜೀವಸತ್ವವನ್ನೂ ಕೊಟ್ಟರು. ಕುಡಿತ ಬಿಡುವ ಮಾತುಕತೆ ನಮ್ಮಲ್ಲಿ ಮೊದಲಾದದ್ದು ಏಳನೆಯ ದಿನ. ಅವತ್ತು ಪತ್ನಿಯೂ ಬಂದು ಪಕ್ಕದಲ್ಲಿ ಕುಳಿತಿದ್ದರು, ನನ್ನೊಡನೆ ಮಾತ್ರ ಇನ್ನೂ ಮಾತಾಡುತ್ತಿರಲಿಲ್ಲ.