ಬಸವಣ್ಣನ ಬಾಯಿಂದ ಬರುವ ನೀರು ಯಾಕೆ ಸಿಹಿ?

ಪ್ರಶ್ನೆ: ನಮ್ಮ ಮನೆ ಕೋಲಾರದಲ್ಲಿ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಎಂದು ವರದಿ ಬಂದಿದೆ. ಊರಾಚೆಯ ಅಂತರಗಂಗೆಯಲ್ಲಿ ಕಲ್ಲಿನ ಬಸವಣ್ಣನ ಬಾಯಿಂದ ಬರುವ ನೀರು ಮಾತ್ರ ಸಿಹಿ. ಕಾಶಿಯಿಂದ ನೆಲದೊಳಗೇ ಹರಿದು ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಅಲ್ಲೂ ಕಲ್ಲು, ಇಲ್ಲೂ ಕಲ್ಲು. ನೀರು ಯಾಕೆ ಬೇರೆ?

ಉತ್ತರ: ಮೂವತ್ತು ವರ್ಷ ನಾನು ನೀರು ಪರೀಕ್ಷೆಯ ಲ್ಯಾಬ್‌ನಲ್ಲಿದ್ದೆ. ಬಾಟಲಿ ಹಿಡಿದು ಬಂದವರನ್ನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು, ‘ಎಷ್ಟು ಅಡಿ?’ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಎರಡೂ ಮಳೆ ನೀರೇ. ಮಳೆ ಮಣ್ಣಿಗಿಳಿದಾಗ ಬೇರುಗಳ ಸುತ್ತ ಇರುವ ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಕರಗುತ್ತದೆ. ಸೋಡಾದಲ್ಲಿ ಇರುತ್ತದಲ್ಲ, ಅದೇ ಅನಿಲ. ಹೀಗೆ ಸ್ವಲ್ಪ ಹುಳಿಯಾದ ನೀರು ಗ್ರಾನೈಟಿನ ಬಿರುಕಿಗೆ ಇಳಿದು, ಫೆಲ್ಡ್‌ಸ್ಪಾರ್ ಎಂಬ ತಿಳಿ ಬಣ್ಣದ ಹರಳನ್ನು ಮೆಲ್ಲಗೆ ತಿನ್ನುತ್ತದೆ. ಹರಳು ಜೇಡಿಯಾಗಿ ಅಲ್ಲೇ ಉಳಿಯುತ್ತದೆ. ಸೋಡಿಯಂ, ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಸಿಲಿಕಾ ನೀರಿನ ಜೊತೆ ಹೊರಡುತ್ತವೆ. ಬೆಟ್ಟದ ಮೇಲೆ ಬಿದ್ದ ಮಳೆ ಪಕ್ಕದ ಬಿರುಕಲ್ಲಿ ಇಳಿದು ಬೇಗ ಹೊರಬಂದರೆ ಕಲ್ಲನ್ನು ತಿನ್ನಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಉಪ್ಪು ಕಡಿಮೆ, ಬಾಯಿಗೆ ಸಿಹಿ.

ಸಾವಿರ ಅಡಿ ಬೋರ್‌ವೆಲ್ಲಿನ ನೀರು ಹಾಗಲ್ಲ. ವರ್ಷಗಟ್ಟಲೆ ಕಲ್ಲಿನ ಒಡಲಲ್ಲೇ ಕೂತಿರುತ್ತದೆ. ಕಾಗೆಬಂಗಾರ ಅಂತೀವಲ್ಲ, ಆ ಅಭ್ರಕದಲ್ಲೂ ಅಪಟೈಟ್ ಎಂಬ ಖನಿಜದಲ್ಲೂ ಫ್ಲೋರೈಡ್ ಇದೆ. ಅದು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನೀರಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಆದರೆ ಒಣ ಸೀಮೆಯಲ್ಲಿ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಮೊದಲೇ ನೀರಿಂದ ಹೊರಬೀಳುತ್ತದೆ. ಹಿಡಿಯುವವರಿಲ್ಲದೆ ಫ್ಲೋರೈಡ್ ನೀರಲ್ಲೇ ಉಳಿದು ಏರುತ್ತಾ ಹೋಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಕಾಣುತ್ತದೆ. ದಯವಿಟ್ಟು ಆ ನೀರನ್ನು ಕಾಯಿಸಿ ಕುಡಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಕಾಯಿಸಿದಷ್ಟೂ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ.

ಮನೆಯಲ್ಲೇ ಒಂದು ಕೆಲಸ ಮಾಡಿ. ಎರಡು ಸ್ಟೀಲ್ ತಟ್ಟೆಗೆ ಒಂದೊಂದು ಸೌಟು ನೀರು, ಒಂದಕ್ಕೆ ಬೋರ್‌ವೆಲ್ಲಿನದು, ಇನ್ನೊಂದಕ್ಕೆ ಅಂತರಗಂಗೆಯದು. ಬಿಸಿಲಲ್ಲಿ ಒಣಗಲಿ. ಬೋರ್‌ವೆಲ್ ತಟ್ಟೆಯಲ್ಲಿ ಬಿಳಿ ಉಂಗುರ ಕೂತಿರುತ್ತದೆ, ಉಗುರಿಗೆ ಹಿಟ್ಟಿನ ಹಾಗೆ ಸಿಗುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿ, ಕಿವಿ ಹತ್ತಿರ ಇಡಿ. ಸಣ್ಣಗೆ ಚುರ್ ಅಂದರೆ ಅದು ಸುಣ್ಣ. ಫ್ಲೋರೈಡ್ ಮಾತ್ರ ಹೀಗೆ ತಿಳಿಯುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು.

ಇನ್ನು ಅಜ್ಜಿಯ ಮಾತು. ನೀರು ಬಂದ ದಾರಿಯನ್ನು ಈಗ ನೀರನ್ನೇ ಕೇಳಬಹುದು. ಸಮುದ್ರದಿಂದ ದೂರ ಹೋದಂತೆ, ಎತ್ತರ ಏರಿದಂತೆ ಮಳೆಯಲ್ಲಿ ಭಾರದ ಹೈಡ್ರೋಜನ್, ಭಾರದ ಆಕ್ಸಿಜನ್ (ಅದೇ ಹೈಡ್ರೋಜನ್, ಆಕ್ಸಿಜನ್ನೇ, ಪರಮಾಣುವಿನ ತೂಕ ಮಾತ್ರ ಸ್ವಲ್ಪ ಜಾಸ್ತಿ) ಕಡಿಮೆಯಾಗುತ್ತವೆ. ಈ ಎರಡರ ನಡುವೆ ಒಂದು ಸರಳ ಲೆಕ್ಕವಿದೆ ಎಂದು 1961ರಲ್ಲಿ ಹಾರ್ಮನ್ ಕ್ರೇಗ್ ಎಂಬ ವಿಜ್ಞಾನಿ ತೋರಿಸಿದರು. ಹಿಮಾಲಯದ ಹಿಮ ಕರಗಿದ ಗಂಗೆಗೂ ಕೋಲಾರದ ಮಳೆಗೂ ಗುರುತು ಬೇರೆ. ಆದರೆ ಬರದ ನಾಡಿನಲ್ಲಿ ಬೇಸಿಗೆಯಲ್ಲೂ ಬಂಡೆಯಿಂದ ನೀರು ಒಸರುವುದನ್ನು ಕಂಡವರು ಅದನ್ನು ಗಂಗೆ ಎಂದು ಕರೆದದ್ದು ನನಗೆ ಬಹಳ ಸರಿ ಅನಿಸುತ್ತದೆ.

ಪ್ರಶ್ನೆ: ಪುತ್ತೂರಿನ ಹತ್ತಿರದ ಬೆಂದ್ರು ತೀರ್ಥದಲ್ಲಿ ನೀರು ಬೆಚ್ಚಗಿರುತ್ತದೆ, ಗಂಧಕದ ವಾಸನೆ. ಕೆಳಗೆ ಜ್ವಾಲಾಮುಖಿ ಇದೆಯಾ?

ಉತ್ತರ: ಇಲ್ಲ, ಹೆದರಬೇಡಿ. ಭಾರತದಲ್ಲಿ ಈಗ ಉರಿಯುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ಬೆಂದ್ರು ತೀರ್ಥದ ನೀರಿನ ಬಿಸಿ ಹೆಚ್ಚುಕಡಿಮೆ ನಮ್ಮ ಮೈ ಬಿಸಿಯಷ್ಟು. ಅಷ್ಟಕ್ಕೆ ಆಳವೊಂದೇ ಸಾಕು. ಕೋಲಾರದ ಚಿನ್ನದ ಗಣಿಯನ್ನೇ ನೋಡಿ. ಸುಮಾರು 3 ಕಿಲೋಮೀಟರ್ ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು, ಅಲ್ಲಿ ಜ್ವಾಲಾಮುಖಿ ಇರಲಿಲ್ಲ. ಅದರಲ್ಲಿ ಮೇಲಿನ ನೆಲದ ಮಾಮೂಲಿ ಬಿಸಿಯನ್ನು ಕಳೆದರೆ, ಆಳಕ್ಕೆ ಹೋದಂತೆ ಏರುವುದು ಕಿಲೋಮೀಟರಿಗೆ ಹನ್ನೆರಡೋ ಹದಿಮೂರೋ ಡಿಗ್ರಿ. ಪುತ್ತೂರಿನಲ್ಲೂ ಹೀಗೇ ಎಂದುಕೊಂಡರೆ, ಮಾಮೂಲಿ ಬಾವಿ ನೀರಿಗಿಂತ ಹತ್ತು ಡಿಗ್ರಿ ಜಾಸ್ತಿ ಇರುವ ನೀರು ಒಂದು ಕಿಲೋಮೀಟರಿನಷ್ಟು ಕೆಳಗೆ ಹೋಗಿ, ಒಳ್ಳೆಯ ಬಿರುಕು ಸಿಕ್ಕಿ, ಆರುವ ಮೊದಲೇ ಮೇಲೆ ಬಂದಿರಬೇಕು. ಅಷ್ಟು ಆಳದಲ್ಲಿ ಆಕ್ಸಿಜನ್ ಇರುವುದಿಲ್ಲ. ಅಂಥ ಕಡೆ ನೀರಿನ ಸಲ್ಫೇಟನ್ನು ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದು.

ಪ್ರಶ್ನೆ: ನಮ್ಮ ತೋಟದ ಒಸರು ಬತ್ತುತ್ತಿದೆ ಅನಿಸುತ್ತದೆ. ಹೇಗೆ ತಿಳಿಯುವುದು?

ಉತ್ತರ: ಅನಿಸಿಕೆ ಬೇಡ, ಅಳೆಯಿರಿ. ಒಂದು ಲೀಟರ್ ಬಾಟಲಿ ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ತಿಂಗಳಿಗೊಮ್ಮೆ ಕ್ಯಾಲೆಂಡರ್ ಮೇಲೆ ಬರೆಯಿರಿ. ಮಳೆ ಬಂದ ಮಾರನೇ ದಿನವೂ ಬರೆಯಿರಿ. ಮಳೆಯಾದ ಕೂಡಲೇ ಉಕ್ಕಿ ವಾರದಲ್ಲಿ ಇಳಿದರೆ ನಿಮ್ಮ ಒಸರಿಗೆ ಹತ್ತಿರದ ಗುಡ್ಡದ ನೀರೇ ಆಧಾರ, ಮೇಲಿನ ಮರ ಕಡಿಯಬೇಡಿ, ಮಣ್ಣು ತೆಗೆಯಬೇಡಿ. ಒಂದು ವರ್ಷದ ಲೆಕ್ಕ ಕಳಿಸಿಕೊಡಿ, ಕೂತು ನೋಡೋಣ.